ಪ್ರತಿಕ್ರಿಯೆ: ಕೊಲೆ ಮಾಡಿದ ಸಿಕಲ್ಸ್ ಜನರಲ್ ಆಗಿದ್ದು ಹೇಗೆ?

ಹಾಡಹಗಲೇ ಕೊಲೆ ಮಾಡಿದ ಡೇನಿಯಲ್ ಸಿಕಲ್ಸ್‌ನನ್ನು ಸೈನ್ಯಕ್ಕೆ ಹೇಗೆ ಸೇರಿಸಿಕೊಂಡರು ಅಂತ ಕೇಳಿದ್ದೀರಿ. ಉತ್ತರ ಸರಳ: ಕೋರ್ಟು ಅವನನ್ನು ನಿರಪರಾಧಿ ಅಂದಿತ್ತು.

ಅಮೆರಿಕದ ನ್ಯೂಯಾರ್ಕ್‌ನ ಈ ವಕೀಲ 1859ರಲ್ಲಿ ಸಂಸದನಾಗಿದ್ದ. ತನ್ನ ಹೆಂಡತಿಯ ಜತೆ ಸಂಬಂಧ ಇಟ್ಟುಕೊಂಡಿದ್ದ ಫಿಲಿಪ್ ಬಾರ್ಟನ್ ಕೀಯನ್ನು ಶ್ವೇತಭವನದ ಎದುರಿಗೇ ಗುಂಡಿಟ್ಟು ಕೊಂದ. ಸತ್ತವನು ವಾಷಿಂಗ್ಟನ್‌ನ ಸರ್ಕಾರಿ ವಕೀಲ! ಆ ಗಳಿಗೆಯಲ್ಲಿ ಸಿಕಲ್ಸ್‌ಗೆ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ ಅಂತ ಅವನ ವಕೀಲರು ವಾದಿಸಿ ಗೆದ್ದರು. ಅವರಲ್ಲೊಬ್ಬ, ಮುಂದೆ ಅಧ್ಯಕ್ಷ ಲಿಂಕನ್‌ನ ಯುದ್ಧಮಂತ್ರಿಯಾದ ಎಡ್ವಿನ್ ಸ್ಟಾಂಟನ್.

1861ರಲ್ಲಿ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾಯ್ತು. ಲಿಂಕನ್‌ಗೆ ಎದುರು ಪಕ್ಷದ ಡೆಮಾಕ್ರಾಟರ ಬೆಂಬಲವೂ ಬೇಕಿತ್ತು. ಡೆಮಾಕ್ರಾಟನೇ ಆಗಿದ್ದ ಸಿಕಲ್ಸ್ ನ್ಯೂಯಾರ್ಕ್‌ನಲ್ಲಿ ಜನ ಸೇರಿಸಿ ಒಂದು ಬ್ರಿಗೇಡನ್ನೇ (ಹಲವು ರೆಜಿಮೆಂಟುಗಳ ಪಡೆ) ಕಟ್ಟಿಕೊಟ್ಟ. ಸೈನಿಕ ಶಾಲೆಯ ಮೆಟ್ಟಿಲು ಹತ್ತದವನು ಜನರಲ್ ಆಗಿದ್ದು ಹೀಗೆ. ಆಗ ಇಂಥವರು ಬೇಕಾದಷ್ಟು ಜನ ಇದ್ದರು.

1863ರ ಜುಲೈ 2ರಂದು ಗೆಟ್ಟಿಸ್‌ಬರ್ಗ್ ಕದನದಲ್ಲಿ ಮೇಲಧಿಕಾರಿ ಮೀಡ್ ಹೇಳಿದ ಜಾಗ ಬಿಟ್ಟು, ತನ್ನ ಪಡೆಯನ್ನು ಮುಂದಿದ್ದ ಪೀಚ್ ತೋಟಕ್ಕೆ ನಡೆಸಿದ. ಪಡೆ ನುಚ್ಚುನೂರಾಯ್ತು. ಫಿರಂಗಿ ಗುಂಡು ಬಡಿದು ಅವನ ಬಲಗಾಲೂ ಹೋಯ್ತು. ಕತ್ತರಿಸಿದ ಕಾಲನ್ನು ಪುಟ್ಟ ಪೆಟ್ಟಿಗೆಯಲ್ಲಿಟ್ಟು ಸೇನೆಯ ವೈದ್ಯಕೀಯ ಮ್ಯೂಸಿಯಮ್‌ಗೆ ಕಳಿಸಿದ. ಆಮೇಲೆ ಅದನ್ನು ನೋಡೋಕೆ ಹೋಗ್ತಾನೂ ಇದ್ದ! ಮೂಳೆ ಇವತ್ತಿಗೂ ಇದೆ.

ಇಷ್ಟಾದರೂ 1869ರಲ್ಲಿ ಸ್ಪೇನ್‌ಗೆ ರಾಯಭಾರಿ, 1897ರಲ್ಲಿ ಅಮೆರಿಕದ ಅತ್ಯುನ್ನತ ಸೇನಾ ಪದಕ ಮೆಡಲ್ ಆಫ್ ಆನರ್. ಗೆಟ್ಟಿಸ್‌ಬರ್ಗ್‌ನಲ್ಲಿ ಮುಂದೆ ಹೋಗಿದ್ದೇ ಸರಿ ಅಂತ 1914ರಲ್ಲಿ ಸಾಯೋವರೆಗೂ ವಾದ ಮಾಡಿದ. ನನ್ನ ಪ್ರಕಾರ ಅದು ಶುದ್ಧ ದುಡುಕು. ಆದರೆ ಇತಿಹಾಸಕಾರರಲ್ಲಿ ಅವನ ಪರ ನಿಲ್ಲುವವರೂ ಇದ್ದಾರೆ.