ಮಾಡೆಲ್‌ನಲ್ಲಿ ಕ್ಲಾಶ್ ಸೊನ್ನೆ, ಸೈಟ್‌ನಲ್ಲಿ ಡಕ್ಟ್ ಕೂರುತ್ತಿಲ್ಲ

ಬಿಐಎಂ ಬಗ್ಗೆ ನನಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಅವೇ ನಾಲ್ಕೈದು ಪ್ರಶ್ನೆಗಳು. ಒಬ್ಬೊಬ್ಬರಿಗೆ ಬೇರೆ ಬೇರೆ ಬರೆದು ಸಾಕಾಗಿದೆ, ಅದಕ್ಕೆ ಈ ಸಲ ಒಟ್ಟಿಗೆ ಉತ್ತರಿಸುತ್ತಿದ್ದೇನೆ. ಬಿಐಎಂ ಅಂದರೆ ಕಟ್ಟಡವನ್ನು ಅದರ ಭಾಗಗಳ ಅಳತೆ, ಮಾಹಿತಿ ಸಮೇತ ಕಂಪ್ಯೂಟರ್‌ನಲ್ಲಿ ಮಾಡೆಲ್ ಮಾಡುವ ಪದ್ಧತಿ, ಇಲ್ಲಿಗೆ ಅಷ್ಟು ಸಾಕು. ಬರೀ 3ಡಿ ಚಿತ್ರಕ್ಕೂ ಅದಕ್ಕೂ ಏನು ವ್ಯತ್ಯಾಸ ಅನ್ನುವುದನ್ನೆಲ್ಲ ಇಲ್ಲಿ ಹೇಳಲ್ಲ. ಈ ಕೆಲಸದಲ್ಲಿ ಇರುವವರಿಗೆ ಅದು ಗೊತ್ತಿರಬೇಕು.

ಪ್ರಶ್ನೆ: ಸರ್, ಆರ್ಕಿಟೆಕ್ಟ್, ಸ್ಟ್ರಕ್ಚರಲ್, ಎಂಇಪಿ (ಗಾಳಿ, ವಿದ್ಯುತ್, ನೀರಿನ ವ್ಯವಸ್ಥೆ) ಮೂರೂ ಮಾಡೆಲ್ ಸೇರಿಸಿ ಕ್ಲಾಶ್ ಚೆಕ್ (ಒಂದು ವಸ್ತು ಇನ್ನೊಂದಕ್ಕೆ ಅಡ್ಡ ಬರುತ್ತದಾ ಅನ್ನುವ ಪರೀಕ್ಷೆ) ಮಾಡಿದ್ವಿ. ರಿಪೋರ್ಟ್‌ನಲ್ಲಿ ಸೊನ್ನೆ ಬಂತು. ಈಗ ಕಾರಿಡಾರ್‌ನಲ್ಲಿ ಡಕ್ಟ್ (ಎಸಿ ಗಾಳಿ ಹೋಗುವ ಕೊಳವೆ) ಸೀಲಿಂಗ್ ಮೇಲೆ ಕೂರುತ್ತಿಲ್ಲ. ಕಂಟ್ರಾಕ್ಟರ್ ಮಾಡೆಲ್ ತಪ್ಪು ಅಂತಾರೆ, ಡಿಸೈನ್ ಟೀಮ್ ಸೈಟ್ ತಪ್ಪು ಅಂತಾರೆ. ಯಾರ ತಪ್ಪು? ಇಷ್ಟು ಖರ್ಚು ಮಾಡಿ ಮಾಡೆಲ್ ಮಾಡಿಸಿದ್ದು ದಂಡ ಆಯ್ತಲ್ವಾ?

ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಎಷ್ಟು ಸಲ ಬಂದಿದೆಯೋ ಲೆಕ್ಕ ಇಟ್ಟಿಲ್ಲ. ಇವತ್ತು ಪೂರ್ತಿ ಬಿಡಿಸಿ ಹೇಳಿಬಿಡುತ್ತೇನೆ.

ಮೊದಲು ನಿಮ್ಮ ಡಕ್ಟ್ ನೋಡೋಣ. ನೀವು ಕಳಿಸಿದ ಸೆಕ್ಷನ್‌ನಲ್ಲಿ ಬೀಮ್ ತಳದಿಂದ ಸೀಲಿಂಗ್ ಫ್ರೇಮ್‌ವರೆಗೆ 550 ಮಿ.ಮೀ. ಇದೆ. ಡಕ್ಟ್ ಎತ್ತರ 400. ಮಾಡೆಲ್ ಪ್ರಕಾರ 150 ಮಿ.ಮೀ. ಖಾಲಿ ಜಾಗ, ಆರಾಮಾಗಿ ಹೋಗಬೇಕು. ಈಗ ಅದೇ ಡಕ್ಟ್‌ಗೆ 50 ಮಿ.ಮೀ. ಇನ್ಸುಲೇಶನ್ ಸುತ್ತಿ. ಮೇಲೆ 50, ಕೆಳಗೆ 50, ಅಲ್ಲಿಗೆ 500 ಆಯಿತು. ಡಕ್ಟ್ ತಾನಾಗಿ ಗಾಳಿಯಲ್ಲಿ ನಿಲ್ಲುವುದಿಲ್ಲ, ಕೆಳಗೆ 41 ಮಿ.ಮೀ. ಚಾನೆಲ್ (ಉಕ್ಕಿನ ಆಧಾರಪಟ್ಟಿ) ಕೊಟ್ಟು ಎರಡೂ ಕಡೆ ರಾಡ್‌ನಿಂದ ನೇತು ಹಾಕಬೇಕು. 541 ಆಯಿತು. ಉಳಿದಿದ್ದು 9 ಮಿ.ಮೀ. ಕಾಂಕ್ರೀಟ್ ಬೀಮ್ ಡ್ರಾಯಿಂಗ್‌ಗಿಂತ 10 ಮಿ.ಮೀ. ಕೆಳಗೆ ಬಂದರೆ ಅದನ್ನು ಯಾರೂ ಕೆಟ್ಟ ಕೆಲಸ ಅನ್ನುವುದಿಲ್ಲ, ಆದರೆ ನಿಮ್ಮ ಡಕ್ಟ್‌ಗೆ ಅಷ್ಟೇ ಸಾಕು, ಕೂರುವುದಿಲ್ಲ. ನಿಮ್ಮ ಮಾಡೆಲ್‌ನಲ್ಲಿ ಇನ್ಸುಲೇಶನ್ ಇರಲಿಲ್ಲ, ಚಾನೆಲ್ ಇರಲಿಲ್ಲ. ಇಲ್ಲದ ವಸ್ತುವಿನ ಜೊತೆ ಯಾವ ಸಾಫ್ಟ್‌ವೇರ್ ತಾನೇ ಕ್ಲಾಶ್ ತೋರಿಸುತ್ತದೆ?

ಕ್ಲಾಶ್ ಚೆಕ್ ಮಾಡುವುದು ಇಷ್ಟೇ. ನೀವು ಕೊಟ್ಟ ವಸ್ತುಗಳು ಒಂದರೊಳಗೊಂದು ಹೊಕ್ಕಿವೆಯಾ ಅಂತ ನೋಡುತ್ತದೆ. ಕೇಳಿದರೆ, ಇಷ್ಟು ಅಂತರ ಬಿಟ್ಟಿದ್ದೀರಾ ಅಂತಲೂ ನೋಡುತ್ತದೆ. ಈ ಎರಡನೆಯದನ್ನು ಬಹಳ ಜನ ಹಾಕುವುದೇ ಇಲ್ಲ, ಯಾಕೆಂದರೆ ಹಾಕಿದರೆ ರಿಪೋರ್ಟ್ ಉದ್ದ ಆಗುತ್ತದೆ, ಮೇಲಿನವರು ಬೈಯುತ್ತಾರೆ. ಟಾಲರೆನ್ಸ್ 50 ಮಿ.ಮೀ. ಇಟ್ಟು, ಅಂದರೆ 50 ಮಿ.ಮೀ.ವರೆಗೆ ಒಳಗೆ ಹೊಕ್ಕರೂ ಲೆಕ್ಕಕ್ಕಿಲ್ಲ ಅಂತ ಮಾಡಿ, ಸೊನ್ನೆ ತಂದವರನ್ನೂ ನೋಡಿದ್ದೇನೆ. ಇದು ಶುದ್ಧ ಮೋಸ. ಆ ಸೊನ್ನೆ ನಂಬಿಕೊಂಡು ಒಬ್ಬ ಕೆಲಸಗಾರ ಏಣಿ ಹತ್ತಿ ಡಕ್ಟ್ ಎತ್ತುತ್ತಾನೆ.

ಸೊನ್ನೆಯ ಹುಚ್ಚು ಬಿಡಿ ಅಂತ ನಾನು ಹೇಳುವುದು ಇದಕ್ಕೇ. ಯಾವ ರೂಲ್ ಹಾಕಿ ಸೊನ್ನೆ ಬಂತು, ಯಾವ ಯಾವ ಮಾಡೆಲ್ ಸೇರಿತ್ತು, ಯಾರದು ಸೇರಿರಲಿಲ್ಲ, ಇದು ಗೊತ್ತಿಲ್ಲದೆ ಆ ಸಂಖ್ಯೆಗೆ ಬೆಲೆ ಇಲ್ಲ. ನಿಮ್ಮ ಪತ್ರದಲ್ಲೇ ಇದೆ ನೋಡಿ, ಮೂರು ಮಾಡೆಲ್ ಸೇರಿಸಿದ್ವಿ ಅಂತ. ಸ್ಪ್ರಿಂಕ್ಲರ್ ಪೈಪಿನವರು ಎಲ್ಲಿ? ಆ ಕಂಟ್ರಾಕ್ಟರ್ ಇನ್ನೂ ನೇಮಕವೇ ಆಗಿರಲಿಲ್ಲ, ಅಲ್ವಾ? ಡ್ರೈನ್ ಪೈಪು ನೇರವಾಗಿ ಎಳೆದಿದ್ದಾರೋ, ಇಳಿಜಾರು ಕೊಟ್ಟಿದ್ದಾರೋ? ನೂರಕ್ಕೆ ಒಂದರ ಇಳಿಜಾರು ಅಂದರೆ 12 ಮೀಟರ್ ಉದ್ದಕ್ಕೆ 120 ಮಿ.ಮೀ. ಕೆಳಗಿಳಿಯುತ್ತದೆ. ನಿಮ್ಮ ಕಾರಿಡಾರ್‌ನಲ್ಲಿ 120 ಎಲ್ಲಿದೆ?

ಈಗ ಇನ್ನೊಂದು ವಿಷಯ, ನನಗೆ ಇದೇ ಮುಖ್ಯ. ಕೆಲವು ವರ್ಷಗಳ ಹಿಂದೆ ಒಂದು ದೊಡ್ಡ ಕಟ್ಟಡದ ಕೋಆರ್ಡಿನೇಶನ್ ಮೀಟಿಂಗ್ ನಡೆಸುತ್ತಿದ್ದೆ. ಆರು ವಾರ ಕೂತು ಒಂದು ಪ್ಲಾಂಟ್ ರೂಮ್ (ಕಟ್ಟಡದ ಯಂತ್ರಗಳ ಕೋಣೆ) ಸರಿ ಮಾಡಿದ್ದೆವು. ಏಳನೇ ವಾರ ಡಕ್ಟ್ ಹಾಕುವ ತಂಡದ ಫೋರ್‌ಮನ್ ಮೊದಲ ಸಲ ಬಂದರು. ಅವರು ಮೌಸ್ ಮುಟ್ಟಲಿಲ್ಲ. ಸ್ಕ್ರೀನ್ ಹತ್ತಿರ ಹೋಗಿ ಒಂದು ಮೂಲೆಗೆ ಬೆರಳಿಟ್ಟು, "ಇಲ್ಲಿ ಬೋಲ್ಟ್ ಟೈಟ್ ಮಾಡೋಕೆ ಕೈ ಎಲ್ಲಿಂದ ಹಾಕಲಿ?" ಅಂತ ಕೇಳಿದರು. ಡಕ್ಟ್ ಮತ್ತು ಗೋಡೆ ನಡುವೆ 60 ಮಿ.ಮೀ. ಇತ್ತು. ಸ್ಪ್ಯಾನರ್ ತಿರುಗುವುದಿರಲಿ, ಮುಷ್ಟಿಯೇ ಹೋಗುತ್ತಿರಲಿಲ್ಲ. ಅದನ್ನು ನಾವು ಏಳು ಜನ ಇಂಜಿನಿಯರ್‌ಗಳು ಆರು ವಾರದಲ್ಲಿ ನೋಡಿರಲಿಲ್ಲ. ಅವತ್ತಿನಿಂದ ಅಳವಡಿಸುವವರು ಇಲ್ಲದ ಮೀಟಿಂಗ್‌ನಲ್ಲಿ ನಾನು ಯಾವ ಏರಿಯಾಗೂ ಸಹಿ ಹಾಕುವುದಿಲ್ಲ.

ಇದು ನನ್ನೊಬ್ಬನ ಕಥೆ ಅಲ್ಲ. ಬಿಐಎಂ ವಿಷಯಕ್ಕೆ ಬಂದ ಮೊದಲ ದೊಡ್ಡ ಕಾನೂನು ತಗಾದೆ ಅಂತ 2011ರಲ್ಲಿ ಅಮೆರಿಕದಲ್ಲಿ ಸುದ್ದಿಯಾಗಿದ್ದು ಇಂಥದ್ದೇ. ವಿಶ್ವವಿದ್ಯಾಲಯವೊಂದರ ಜೀವವಿಜ್ಞಾನ ಕಟ್ಟಡ. ಸೀಲಿಂಗ್ ಮೇಲಿನ ಜಾಗದಲ್ಲಿ ಎಂಇಪಿ ಎಲ್ಲವನ್ನೂ ಮಾಡೆಲ್‌ನಲ್ಲಿ ಬಿಗಿಯಾಗಿ ಕೂರಿಸಿದ್ದರು. ಕೂರುತ್ತಿತ್ತು ಕೂಡ, ಆದರೆ ಒಂದು ನಿರ್ದಿಷ್ಟ ಕ್ರಮದಲ್ಲಿ ಅಳವಡಿಸಿದರೆ ಮಾತ್ರ. ಆ ಕ್ರಮವನ್ನು ಕಂಟ್ರಾಕ್ಟರ್‌ಗೆ ಯಾರೂ ಹೇಳಲಿಲ್ಲ. ಸುಮಾರು 70 ಶೇಕಡಾ ಕೆಲಸ ಆದಮೇಲೆ ಜಾಗ ಮುಗಿಯಿತು. ಕಂಟ್ರಾಕ್ಟರ್ ಮಾಲೀಕರ ಮೇಲೆ, ಮಾಲೀಕರು ಆರ್ಕಿಟೆಕ್ಟ್ ಮೇಲೆ ಹೋದರು. ಕೊನೆಗೆ ರಾಜಿ ಆಯಿತು, ಆರ್ಕಿಟೆಕ್ಟ್, ಎಂಇಪಿ ಇಂಜಿನಿಯರ್, ಕಂಟ್ರಾಕ್ಟರ್ ಮೂವರೂ ದುಡ್ಡು ಕಟ್ಟಿದರು. ಮಾಡೆಲ್‌ನಲ್ಲಿ ಒಂದು ಗೆರೆಯೂ ತಪ್ಪಿರಲಿಲ್ಲ.

ಹಾಗಾದರೆ ಯಾಕೆ ಯಾರೂ ಬಾಯಿ ಬಿಡುವುದಿಲ್ಲ? ಒಪ್ಪಂದ ನೋಡಿ, ಗೊತ್ತಾಗುತ್ತದೆ. ಕಡಿಮೆ ದರ ಹಾಕಿದವರಿಗೆ ಕೆಲಸ, ನಿಗದಿತ ಮೊತ್ತ, ಆಮೇಲೆ ಬದಲಾವಣೆ ಬಂದರೆ ಹೆಚ್ಚುವರಿ ಬಿಲ್. ಇಂಥ ಒಪ್ಪಂದದಲ್ಲಿ ತೊಂದರೆಯನ್ನು ಮೊದಲೇ ಕಂಡವರು ಸುಮ್ನೆ ಇದ್ದರೆ ಲಾಭ, ಹೇಳಿದರೆ ನಷ್ಟ. ಅದರ ಮೇಲೆ ಮಾಡೆಲ್‌ಗೆ "ಮಾಹಿತಿಗಾಗಿ ಮಾತ್ರ" ಅನ್ನುವ ಮುದ್ರೆ ಒತ್ತಿ ಕೊಡುತ್ತಾರೆ. ಕಂಟ್ರಾಕ್ಟರ್ ಅದನ್ನು ನಂಬದೆ ತಾನೇ ಮೊದಲಿಂದ ಇನ್ನೊಂದು ಮಾಡೆಲ್ ಕಟ್ಟುತ್ತಾನೆ. ಒಂದೇ ಕಟ್ಟಡಕ್ಕೆ ಎರಡು ಮಾಡೆಲ್, ಎರಡಕ್ಕೂ ಒಬ್ಬರೇ ಮಾಲೀಕರ ದುಡ್ಡು.

ಇದಕ್ಕೆ ಬೇರೆ ದಾರಿ ಇದೆ, ಹೊಸದೇನೂ ಅಲ್ಲ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ 2001ರಲ್ಲಿ ತೆರೆದ ನ್ಯಾಷನಲ್ ಮ್ಯೂಸಿಯಂ ಅನ್ನು ಅಲಯನ್ಸ್ ಒಪ್ಪಂದದಲ್ಲಿ ಕಟ್ಟಿದರು. ಮಾಲೀಕರು, ವಿನ್ಯಾಸಕರು, ಕಟ್ಟುವವರು ಒಂದೇ ಒಪ್ಪಂದದೊಳಗೆ. ಅಮೆರಿಕದಲ್ಲಿ ಐಪಿಡಿ (ಇಂಟಿಗ್ರೇಟೆಡ್ ಪ್ರಾಜೆಕ್ಟ್ ಡೆಲಿವರಿ) ಅಂತ ಕರೆಯುವುದೂ ಇದೇ ಜಾತಿ. ಹೆಸರು ಏನೇ ಇರಲಿ, ಒಳಗಿನ ಕೆಲಸ ಹೀಗೆ: ಎಲ್ಲರೂ ಸೇರಿ ಒಂದು ಗುರಿ ವೆಚ್ಚ ಒಪ್ಪುತ್ತಾರೆ. ನಿಜವಾದ ಖರ್ಚನ್ನು ಮಾಲೀಕರು ತೆರೆದ ಲೆಕ್ಕದ ಮೇಲೆ ಕೊಡುತ್ತಾರೆ. ಪ್ರತಿಯೊಬ್ಬರ ಲಾಭ ಮಾತ್ರ ಒಂದೇ ಹುಂಡಿಗೆ ಹೋಗುತ್ತದೆ. ಖರ್ಚು ಗುರಿಗಿಂತ ಕಡಿಮೆ ಆದರೆ ಹುಂಡಿ ದೊಡ್ಡದಾಗುತ್ತದೆ, ಜಾಸ್ತಿ ಆದರೆ ಎಲ್ಲರದ್ದೂ ಕರಗುತ್ತದೆ. ಆಗ ಡಕ್ಟ್ ಕೂರದಿದ್ದರೆ ಅದು ಸ್ಟ್ರಕ್ಚರಲ್ ಇಂಜಿನಿಯರ್‌ಗೂ ನಷ್ಟ. ಬೀಮ್ ಅನ್ನು 50 ಮಿ.ಮೀ. ಮೇಲೆ ತರಲು ಆಗುತ್ತದಾ ಅಂತ ಅವರೇ ಮೊದಲು ಕೇಳುತ್ತಾರೆ, ಅದೂ ಕಾಂಕ್ರೀಟ್ ಹಾಕುವ ಮೊದಲು. ನಾನು ಕಣ್ಣಾರೆ ನೋಡಿದ್ದೇನೆ.

ಇಲ್ಲೊಬ್ಬರು ತಕ್ಷಣ ಲಂಡನ್‌ನ ಹೀಥ್ರೋ ವಿಮಾನ ನಿಲ್ದಾಣದ ಟರ್ಮಿನಲ್ 5 ಎತ್ತುತ್ತಾರೆ. "ಅದೂ ಕೂಡಿ ಮಾಡಿದ್ದೇ, 2008ರಲ್ಲಿ ಮೊದಲ ದಿನವೇ ಲಗೇಜ್ ಎಲ್ಲ ಗೊಂದಲ ಆಯ್ತಲ್ಲ?" ದಯವಿಟ್ಟು ಸರಿಯಾಗಿ ಓದಿ. ಅಲ್ಲಿ ಮಾಲೀಕ ಸಂಸ್ಥೆ ಬಿಎಎ ಅಪಾಯವನ್ನು ತಾನೇ ಹೊತ್ತು, ಕಟ್ಟುವವರಿಗೆ ನಿಜವಾದ ಖರ್ಚು ಕೊಟ್ಟಿತು. ಅಷ್ಟು ದೊಡ್ಡ ಕೆಲಸ ಹೇಳಿದ ಸಮಯಕ್ಕೆ, ಹೇಳಿದ ಬಜೆಟ್ ಒಳಗೆ ಕಟ್ಟಿ ಮುಗಿಯಿತು. ಎಡವಿದ್ದು ಅದನ್ನು ನಡೆಸಲು ಶುರು ಮಾಡಿದ ದಿನ. ಸಿಬ್ಬಂದಿಗೆ ತರಬೇತಿ ಸಾಕಾಗಿರಲಿಲ್ಲ, ವ್ಯವಸ್ಥೆಯನ್ನು ಪೂರ್ತಿ ಪರೀಕ್ಷಿಸಿರಲಿಲ್ಲ. ಅದನ್ನು ತಂದು ಒಪ್ಪಂದದ ತಲೆಗೆ ಕಟ್ಟಬೇಡಿ.

ಹಾಗಂತ ಎಲ್ಲ ಕೆಲಸಕ್ಕೂ ಅಲಯನ್ಸ್ ಮಾಡಿ ಅಂತ ನಾನು ಹೇಳುತ್ತಿಲ್ಲ. ಮಾಲೀಕರ ಕಡೆ ಲೆಕ್ಕ ಓದಿ ಅರ್ಥ ಮಾಡಿಕೊಳ್ಳುವ ಗಟ್ಟಿ ಜನ ಇಲ್ಲದಿದ್ದರೆ ಅದಕ್ಕೆ ಕೈ ಹಾಕಬೇಡಿ. ಆದರೆ ಮಾಮೂಲಿ ಒಪ್ಪಂದದಲ್ಲೂ ಡಕ್ಟ್, ಪೈಪು, ಕೇಬಲ್ ಟ್ರೇ ಹಾಕುವವರನ್ನು ವಿನ್ಯಾಸ ಇನ್ನೂ ಬದಲಾಯಿಸಲು ಆಗುವ ಹೊತ್ತಿಗೆ ಕರೆದು, ಆ ಸಮಯಕ್ಕೆ ಬೇರೆಯಾಗಿ ದುಡ್ಡು ಕೊಟ್ಟು ಕೂರಿಸಬಹುದು. ಪುಕ್ಕಟೆ ಸಲಹೆ ಕೇಳಬೇಡಿ, ಪುಕ್ಕಟೆಯಾಗಿ ಯಾರೂ ಮನಸ್ಸಿಟ್ಟು ನೋಡುವುದಿಲ್ಲ.

ಈಗ ನಿಮ್ಮ ಕಾರಿಡಾರ್. ಇಮೇಲ್ ಜಗಳ ಇವತ್ತೇ ನಿಲ್ಲಿಸಿ. ಕಟ್ಟಿರುವ ಬೀಮ್‌ಗಳ ತಳದ ಲೆವೆಲ್ ಒಂದೊಂದಾಗಿ ಅಳೆಸಿ, ಲೇಸರ್ ಸ್ಕ್ಯಾನ್ ಆದರೆ ಇನ್ನೂ ಒಳ್ಳೆಯದು, ಆ ಅಳತೆಯನ್ನು ಮಾಡೆಲ್‌ಗೆ ತನ್ನಿ. ಆಮೇಲೆ ಡಕ್ಟ್, ಪೈಪು, ಟ್ರೇ ಮೂರೂ ಕಡೆಯ ಫೋರ್‌ಮನ್‌ಗಳನ್ನು ಕರೆದು ಅದೇ ಕಾರಿಡಾರ್‌ನಲ್ಲಿ ನಿಂತು ಮಾತಾಡಿ. ನಿಮ್ಮ 800×400 ಡಕ್ಟ್ ಅನ್ನು 1100×300 ಮಾಡಿದರೆ ವಿಸ್ತೀರ್ಣ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಎತ್ತರದಲ್ಲಿ 100 ಮಿ.ಮೀ. ಸಿಗುತ್ತದೆ. ಆದರೆ ಚಪ್ಪಟೆ ಡಕ್ಟ್‌ನಲ್ಲಿ ಗಾಳಿಗೆ ತಡೆ ಜಾಸ್ತಿ, ಅಗಲಕ್ಕೆ ಜಾಗವೂ ಬೇಕು. ಫ್ಯಾನ್‌ನ ಒತ್ತಡ ಸಾಕಾಗುತ್ತದಾ ಅಂತ ಎಚ್‌ವಿಎಸಿ (ಎಸಿ, ಗಾಳಿ ವ್ಯವಸ್ಥೆಯ) ಡಿಸೈನರ್ ಲೆಕ್ಕ ಹಾಕಿ ಬರೆದು ಕೊಡಲಿ. ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಬೀಮ್‌ನ ತಳ ಸ್ವಲ್ಪ ಕೆತ್ತೋಣ, ಅಥವಾ ಕೋರ್ ಕಟಿಂಗ್ ಮಾಡಿ ಪೈಪು ತೂರಿಸೋಣ ಅಂತ ಯಾರಾದರೂ ಹೇಳಿದರೆ ಕೆಲಸ ಅಲ್ಲೇ ನಿಲ್ಲಿಸಿ. ಸ್ಟ್ರಕ್ಚರಲ್ ಇಂಜಿನಿಯರ್ ಬರವಣಿಗೆಯಲ್ಲಿ ಒಪ್ಪದೆ ಬೀಮ್‌ಗೆ ಡ್ರಿಲ್ ತಾಗಬಾರದು.

ಯಾರ ತಪ್ಪು ಅಂತ ಕೇಳಿದ್ದೀರಿ. ಇನ್ಸುಲೇಶನ್ ಬಿಟ್ಟವರದ್ದು, ಅಂತರದ ರೂಲ್ ಹಾಕದವರದ್ದು, ಅಳವಡಿಸುವವರನ್ನು ತಡವಾಗಿ ಕರೆತಂದ ಮಾಲೀಕರದ್ದು. ಮೂವರೂ ಹಂಚಿಕೊಳ್ಳಲಿ.

ಪ್ರಶ್ನೆ: ಯಾವ ಸಾಫ್ಟ್‌ವೇರ್ ಬೆಸ್ಟ್?

ನಿಮ್ಮ ತಂಡಕ್ಕೆ ಚೆನ್ನಾಗಿ ಬರುವುದು, ಐಎಫ್‌ಸಿ (ಬೇರೆ ಬೇರೆ ಸಾಫ್ಟ್‌ವೇರ್‌ಗಳೂ ಓದಬಲ್ಲ ಫೈಲ್ ರೂಪ) ಸರಿಯಾಗಿ ಹೊರಗೆ ಕೊಡುವುದು. ಈ ಪ್ರಶ್ನೆ ಇನ್ನು ಕಳಿಸಬೇಡಿ.

ಪ್ರಶ್ನೆ: ನಮ್ಮ ಟೆಂಡರ್‌ನಲ್ಲಿ "ಎಲ್ಲಾ ಭಾಗಗಳೂ ಎಲ್‌ಒಡಿ 500" (ಎಲ್‌ಒಡಿ ಅಂದರೆ ಮಾಡೆಲ್‌ನ ಒಂದು ಭಾಗವನ್ನು ಎಷ್ಟರ ಮಟ್ಟಿಗೆ ನಂಬಬಹುದು ಅನ್ನುವ ಮಟ್ಟ) ಅಂತ ಹಾಕಿದ್ದೇವೆ. ಜಾಸ್ತಿ ಡೀಟೇಲ್ ಸಿಕ್ಕರೆ ಒಳ್ಳೇದೇ ಅಲ್ವಾ?

ಅಲ್ಲ. 500 ಅಂದರೆ ಜಾಸ್ತಿ ಡೀಟೇಲ್ ಅಂತ ಯಾರು ಹೇಳಿಕೊಟ್ಟರು? ಕಟ್ಟಿದ ಮೇಲೆ ಸೈಟ್‌ನಲ್ಲಿ ಅಳೆದು ನೋಡಿ ಖಾತ್ರಿ ಮಾಡಿದ್ದು ಅಂತ ಅದರ ಅರ್ಥ. ಇನ್ನೂ ಕಟ್ಟದ ಗೋಡೆಯನ್ನು ಯಾರು ಅಳೆಯುತ್ತಾರೆ? ಇದನ್ನು ಓದಿದ ಕಂಟ್ರಾಕ್ಟರ್ ಬಾಗಿಲ ಹಿಡಿಯ ಸ್ಕ್ರೂವರೆಗೂ ಮಾಡೆಲ್ ಮಾಡಿ ಬಿಲ್ ಕಳಿಸುತ್ತಾನೆ, ಫೈಲ್ ತೆರೆಯಲು ಅರ್ಧ ಗಂಟೆ ಬೇಕಾಗುತ್ತದೆ, ಇನ್ಸುಲೇಶನ್ ಮಾತ್ರ ಆಗಲೂ ಇರುವುದಿಲ್ಲ. ಯಾವ ಭಾಗ, ಯಾವ ಹಂತದಲ್ಲಿ, ಯಾವ ಕೆಲಸಕ್ಕೆ ಬೇಕು ಅಂತ ಒಂದೊಂದಾಗಿ ಬರೆಯಿರಿ. ಕೋಆರ್ಡಿನೇಶನ್‌ಗೆ ಬಹಳಷ್ಟು ಕಡೆ 350 ಸಾಕು.

ಪ್ರಶ್ನೆ: ಒಂದು ಕಂಪನಿ "100% ಕ್ಲಾಶ್ ಫ್ರೀ ಗ್ಯಾರಂಟಿ, ಐಎಸ್‌ಒ 19650 ಪ್ರಕಾರ" ಅಂತ ಹೇಳುತ್ತಿದೆ. ನಂಬಬಹುದಾ?

ಬೇಡ. ಐಎಸ್‌ಒ 19650ರ ಮೊದಲ ಎರಡು ಭಾಗ ಬಂದಿದ್ದು 2018ರಲ್ಲಿ. ಮಾಹಿತಿಯನ್ನು ಯಾರು ಕೇಳಬೇಕು, ಯಾರು ಕೊಡಬೇಕು, ಹೇಗೆ ಪರಿಶೀಲಿಸಿ ಒಪ್ಪಬೇಕು ಅಂತ ಅದು ಹೇಳುತ್ತದೆ. ಕ್ಲಾಶ್ ಇರಲ್ಲ ಅಂತ ಅದು ಯಾರಿಗೂ ಗ್ಯಾರಂಟಿ ಕೊಡುವುದಿಲ್ಲ. ಆ ಕಂಪನಿಯವರನ್ನು ಒಂದೇ ಪ್ರಶ್ನೆ ಕೇಳಿ: ಸೈಟ್‌ನಲ್ಲಿ ಕೂರದಿದ್ದರೆ ಮರುಕೆಲಸದ ಖರ್ಚು ನೀವು ಕೊಡುತ್ತೀರಾ? ಉತ್ತರ ಬರೆದು ಕೊಡಲು ಹೇಳಿ.

ಪ್ರಶ್ನೆ: ನಮ್ಮದು ಶೇರ್ಡ್ ಫೋಲ್ಡರ್ ಇದೆ, ಎಲ್ಲರೂ ಅದಕ್ಕೇ ಫೈಲ್ ಹಾಕುತ್ತಾರೆ. ಅದೇ ಸಿಡಿಇ (ಎಲ್ಲರೂ ಬಳಸುವ ಒಂದೇ ಮಾಹಿತಿ ವ್ಯವಸ್ಥೆ) ತಾನೇ?

ಅಲ್ಲ. ಕೆಲಸ ನಡೆಯುತ್ತಿರುವುದು, ಹಂಚಿಕೊಂಡಿದ್ದು, ಅಧಿಕೃತವಾಗಿ ಹೊರಬಂದಿದ್ದು, ಹಳೆಯದು, ಈ ನಾಲ್ಕು ಬೇರೆ ಬೇರೆ ಇರಬೇಕು. "ಫೈನಲ್", "ಫೈನಲ್ 2", "ಹೊಸ ಫೈನಲ್" ಅಂತ ಮೂರು ಫೈಲ್ ಪಕ್ಕಪಕ್ಕ ಇದ್ದರೆ ಯಾವತ್ತೋ ಒಂದು ದಿನ ತಪ್ಪು ಫೈಲ್ ನೋಡಿ ಕಂಬಿ ಕಟ್ಟುತ್ತಾರೆ.

ಪ್ರಶ್ನೆ: ಎಲ್ಲರೂ ಸೇರಿ "ನಾವು ಒಂದೇ ತಂಡ" ಅಂತ ಸಹಿ ಹಾಕಿದ್ದೇವೆ. ಸಾಕಲ್ವಾ?

ಸಾಲದು. ದುಡ್ಡಿನ ಷರತ್ತು ಹಳೆಯದೇ ಇದ್ದರೆ ಮೊದಲ ಹೆಚ್ಚುವರಿ ಬಿಲ್ ಬಂದ ದಿನ ಆ ಸಹಿ ಯಾರಿಗೂ ನೆನಪಿರುವುದಿಲ್ಲ.

ಪ್ರಶ್ನೆ: ಮಾಡೆಲ್‌ನಲ್ಲಿ ಕಂಬ ಒಂದು ಕಡೆ, ಡ್ರಾಯಿಂಗ್‌ನಲ್ಲಿ 75 ಮಿ.ಮೀ. ಪಕ್ಕಕ್ಕೆ ಇದೆ. ನಾಳೆ ಬೆಳಿಗ್ಗೆ ಕಾಂಕ್ರೀಟ್ ಇದೆ. ಯಾವುದನ್ನು ನೋಡಲಿ?

ಒಪ್ಪಂದದಲ್ಲಿ ಯಾವುದು ಮೇಲು ಅಂತ ಬರೆದಿದೆಯಾ ನೋಡಿ. ಬಹಳಷ್ಟು ಕಡೆ ಸಹಿ ಆದ ಡ್ರಾಯಿಂಗೇ ಮೇಲು ಅಂತ ಇರುತ್ತದೆ. ಆದರೂ ಅಷ್ಟರ ಮೇಲೇ ಕಾಂಕ್ರೀಟ್ ಹಾಕಬೇಡಿ, ಮಾಡೆಲ್‌ನಲ್ಲಿ ಇರುವುದು ಆಮೇಲೆ ಮಾಡಿದ ತಿದ್ದುಪಡಿ ಇರಬಹುದು. ಈ ರಾತ್ರಿಯೇ ಸ್ಟ್ರಕ್ಚರಲ್ ಇಂಜಿನಿಯರ್‌ಗೆ ಫೋನ್ ಮಾಡಿ, ಎರಡರ ಸ್ಕ್ರೀನ್‌ಶಾಟ್ ಹಾಕಿ ಆರ್‌ಎಫ್‌ಐ (ಸ್ಪಷ್ಟನೆ ಕೇಳುವ ಲಿಖಿತ ಪತ್ರ) ಕಳಿಸಿ. ಲಿಖಿತ ಉತ್ತರ ಬರದಿದ್ದರೆ ನಾಳೆಯ ಕಾಂಕ್ರೀಟ್ ರದ್ದು ಮಾಡಿ.