ವಯಸ್ಸಿನ ಅಂತರ ಕಂಡ ಮಾತ್ರಕ್ಕೆ ಮರುಹಂಚಿಕೆ ಬೇಡ

ನಮಸ್ಕಾರ. ಪಿಂಪ್ರಿ-ಚಿಂಚ್‌ವಡದ ಕನ್ನಡಿಗರಿಗೆ ಸಕ್ಕರೆ ಕಾಯಿಲೆಯ ಬಗ್ಗೆ ಕನ್ನಡದಲ್ಲಿ ಸಂದೇಶ ಕಳುಹಿಸುವ ನಿಮ್ಮ ಪ್ರಯೋಗದಲ್ಲಿ, ತಲಾ 150 ಜನರ ಎರಡು ಗುಂಪುಗಳ ಸರಾಸರಿ ವಯಸ್ಸು 52 ಮತ್ತು 55 ಆಗಿ, ಪಿ-ಮೌಲ್ಯ (ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಬರೀ ಆಕಸ್ಮಿಕವಾಗಿ ಬರುವ ಸಂಭವ) 0.03 ಬಂದಿದೆ, ಜನರನ್ನು ಗುಂಪುಗಳಿಗೆ ಮತ್ತೆ ಹಂಚಬೇಕೇ ಎಂದು ಕೇಳಿದ್ದೀರಿ. ಖಂಡಿತ ಬೇಡ.

ಹಂಚಿಕೆ ನಿಜಕ್ಕೂ ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ, ನಡೆದಿದ್ದರೆ ಈ ಅಂತರ ಆಕಸ್ಮಿಕವೆಂಬುದು ಮೊದಲೇ ಗೊತ್ತಿರುವ ಸಂಗತಿಯಾದ್ದರಿಂದ, ಅದನ್ನೇ ಪರೀಕ್ಷಿಸುವ ಪಿ-ಮೌಲ್ಯ ಹೊಸದೇನನ್ನೂ ಹೇಳುವುದಿಲ್ಲ. ಇಂಥ ಪ್ರಯೋಗಗಳನ್ನು ವರದಿ ಮಾಡುವ ಬಗೆಗಿನ 2010ರ ಕನ್ಸಾರ್ಟ್ (CONSORT) ಮಾರ್ಗಸೂಚಿಯೂ ಇಂಥ ಪರೀಕ್ಷೆ ಬೇಡವೆನ್ನುತ್ತದೆ. ನೀವು ಹೋಲಿಸಿದ 12 ಲಕ್ಷಣಗಳು ಪರಸ್ಪರ ಸ್ವತಂತ್ರವೆಂದುಕೊಂಡರೆ, ಒಂದರ ಪಿ-ಮೌಲ್ಯವಾದರೂ ಆಕಸ್ಮಿಕವಾಗಿಯೇ ರೂಢಿಯ ಗಡಿಯಾದ 0.05ಕ್ಕಿಂತ ಕೆಳಗಿಳಿಯುವ ಸಂಭವವೇ ಸುಮಾರು ಶೇ. 46.

ನೋಡಬೇಕಾದದ್ದು ಅಂತರದ ಗಾತ್ರವನ್ನು. ನೀವು ಕೊಟ್ಟಿರುವ ಪ್ರಮಾಣ ವಿಚಲನೆ (ವಯಸ್ಸುಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 12 ವರ್ಷ. 3 ವರ್ಷಗಳ ಅಂತರವನ್ನು ಅದರಿಂದ ಭಾಗಿಸಿದರೆ 0.25 ಬರುತ್ತದೆ; ಗಮನಿಸದೆ ಬಿಡಬಹುದಾದ ಅಂತರಕ್ಕೆ ರೂಢಿಯ ಮಿತಿ 0.1, ಇದು ಅದನ್ನು ಮೀರಿದೆ. ವಯಸ್ಸು ರಕ್ತದ ಸಕ್ಕರೆಯ ಮೇಲೆ ಪ್ರಭಾವ ಬೀರುವುದರಿಂದ ಅಂತಿಮ ಹಿಂಚಲನ ವಿಶ್ಲೇಷಣೆಯಲ್ಲಿ (ರಿಗ್ರೆಷನ್, ವಯಸ್ಸಿನಂಥ ಅಂಶಗಳ ಪ್ರಭಾವವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ವಿಧಾನ) ಅದನ್ನು ಸೇರಿಸಿರಿ. ಮೊದಲಿನ ಯೋಜನೆಯಲ್ಲಿ ಅದು ಇರದಿದ್ದರೆ, ನಂತರ ಸೇರಿಸಿದ್ದೆಂದು ವರದಿಯಲ್ಲಿ ಸ್ಪಷ್ಟವಾಗಿ ಬರೆಯಿರಿ.

ನನಗೆ ಹೆಚ್ಚು ಆತಂಕವಿರುವುದು ಬೇರೆ ಕಡೆ: ಜನರನ್ನು ನೋಂದಾಯಿಸಿಕೊಂಡವರಿಗೆ ಮುಂದಿನ ವ್ಯಕ್ತಿ ಯಾವ ಗುಂಪಿಗೆ ಹೋಗುತ್ತಾರೆಂಬುದು ಮೊದಲೇ ತಿಳಿಯುತ್ತಿತ್ತೇ? ನಡುವೆ ಬಿಟ್ಟುಹೋದವರು ಎರಡೂ ಗುಂಪುಗಳಲ್ಲಿ ಸರಿಸಮವಾಗಿದ್ದಾರೆಯೇ?