ಎಸ್‌ಎಪಿಯ ಹಳೆಯ ಅಬಾಪ್ ಕೋಡನ್ನು ಯೂನಿಕೋಡ್‌ಗೆ ಹೊಂದಿಸುವುದು ಹೇಗೆ?

ಅಬಾಪ್ ಎಂದರೆ ಎಸ್‌ಎಪಿ ಎಂಬ ವ್ಯವಹಾರ ಸಾಫ್ಟ್‌ವೇರ್‌ನ ಪ್ರೋಗ್ರಾಮಿಂಗ್ ಭಾಷೆ; ಯೂನಿಕೋಡ್ ಎಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತ ಪದ್ಧತಿ. ಮೊದಲು ಎಸ್‌ಎಪಿಯಲ್ಲೇ ಇರುವ ಯುಸಿಚೆಕ್ (UCCHECK) ಎಂಬ ಪರೀಕ್ಷೆಯ ಟ್ರಾನ್ಸಾಕ್ಷನ್ ಓಡಿಸಿ. ನಿಮ್ಮ ಝಡ್ ಪ್ರೋಗ್ರಾಂಗಳಲ್ಲಿ (ನಿಮ್ಮ ಸಂಸ್ಥೆಯೇ ಬರೆಸಿಕೊಂಡ, ಹೆಸರು Z ಇಂದ ಶುರುವಾಗುವ ಪ್ರೋಗ್ರಾಂಗಳಲ್ಲಿ) ಯಾವ ಸಾಲು ತಕರಾರು ಮಾಡುತ್ತದೆ ಎಂದು ಅದೇ ತೋರಿಸುತ್ತದೆ. ಸರಿಪಡಿಸಿದ ಮೇಲೆ ಪ್ರೋಗ್ರಾಂ ಆಟ್ರಿಬ್ಯೂಟ್‌ನಲ್ಲಿ ಯೂನಿಕೋಡ್ ಚೆಕ್ ಆನ್ ಮಾಡಿ.

ತೊಂದರೆಯ ಮೂಲ ಒಂದೇ. ಹಳೆಯ ಕೋಡ್ ಒಂದು ಅಕ್ಷರ ಅಂದರೆ ಒಂದು ಬೈಟ್ ಎಂದು ನಂಬಿಕೊಂಡಿದೆ. ಯೂನಿಕೋಡ್ ಸಿಸ್ಟಮ್ ಒಳಗೆ ಯುಟಿಎಫ್-16 ಬಳಸುತ್ತದೆ, ಅಲ್ಲಿ ಸಾಮಾನ್ಯ ಅಕ್ಷರಕ್ಕೆ 2 ಬೈಟ್ ಬೇಕು. ಹಾಗಾಗಿ 'ಡಿಸ್ಕ್ರೈಬ್ ಫೀಲ್ಡ್' ಬಳಸಿ ಉದ್ದ ಕೇಳುವಾಗ ಕ್ಯಾರೆಕ್ಟರ್ ಮೋಡೋ ಬೈಟ್ ಮೋಡೋ ಎಂದು ಹೇಳಲೇಬೇಕು. ಅಕ್ಷರ, ಸಂಖ್ಯೆ ಬೆರೆತ ಸ್ಟ್ರಕ್ಚರನ್ನು (ಹಲವು ಫೀಲ್ಡ್‌ಗಳ ಗುಂಪನ್ನು) ಬೇರೆ ರಚನೆಯ ಸ್ಟ್ರಕ್ಚರ್‌ಗೆ ಸುಮ್ನೆ 'ಮೂವ್' ಮಾಡಿದರೆ ನಡೆಯುವುದಿಲ್ಲ. ಒಂದೊಂದೇ ಫೀಲ್ಡ್ ಹಾಕಿ, ಇಲ್ಲವೇ 'ಮೂವ್-ಕರೆಸ್ಪಾಂಡಿಂಗ್' ಬಳಸಿ.

ಜಾಸ್ತಿ ಗಮನ ಫೈಲ್‌ಗಳಿಗೆ ಕೊಡಿ. ಫೈಲ್ ತೆರೆಯುವ ಆದೇಶವಾದ ಟೆಕ್ಸ್ಟ್ ಮೋಡ್‌ನ 'ಓಪನ್ ಡೇಟಾಸೆಟ್' ಈಗ ಎನ್‌ಕೋಡಿಂಗ್ (ಅಕ್ಷರವನ್ನು ಬೈಟ್ ಆಗಿ ಬರೆಯುವ ರೀತಿ) ಕೇಳುತ್ತದೆ. ಕಣ್ಣು ಮುಚ್ಚಿ ಎಲ್ಲ ಕಡೆ ಯುಟಿಎಫ್-8 ಬರೆಯಬೇಡಿ. ಫೈಲ್ ಬ್ಯಾಂಕಿಗೆ ಹೋಗುವುದಾದರೆ, ಅದನ್ನು ಓದುವ ಅಲ್ಲಿನ ಸಾಫ್ಟ್‌ವೇರ್ ಹಳೆಯ ಕೋಡ್ ಪೇಜನ್ನೇ (ಯೂನಿಕೋಡ್‌ಗೆ ಮುಂಚಿನ ಅಕ್ಷರ ಸಂಕೇತ ಪಟ್ಟಿಯನ್ನೇ) ನಿರೀಕ್ಷಿಸುತ್ತಿರಬಹುದು, ಅಲ್ವಾ? ಅಂಥಲ್ಲಿ ಲೆಗಸಿ ಮೋಡ್ ಮತ್ತು ಸರಿಯಾದ ಕೋಡ್ ಪೇಜ್ ಕೊಡಿ. ತಪ್ಪು ಎನ್‌ಕೋಡಿಂಗ್ ಕೊಟ್ಟಿದ್ದರೆ ಅದನ್ನು ಯುಸಿಚೆಕ್ ಹಿಡಿಯುವುದಿಲ್ಲ. ನಿಜವಾದ ಫೈಲ್ ಕಳಿಸಿಯೇ ಪರೀಕ್ಷಿಸಬೇಕು.